ಹೋಳಿಗೆಗೆ ಕೂಗಿದ ಕತ್ತೆ

ಒಂದು ಊರಂತೆ. ಯಾವ ಊರು ಅಂತ ಕೇಳಬೇಡಿ, ಕೇಳಿದರೆ ನಿಮ್ಮೂರೇ ಅಂತೀನಿ. ಆ ಊರಿಗೊಬ್ಬ ರಾಜ. ಯುದ್ಧ ಗಿದ್ಧ ಅವನಿಗೆ ಆಗಿಬರದು. ಮಧ್ಯಾಹ್ನ ಉಂಡು ಮಲಗೋದರಲ್ಲಿ ಮಾತ್ರ ಮಹಾಶೂರನಂತೆ.

ಅರಮನೆ ಬಟ್ಟೆ ಒಗೆಯೋಳು ದ್ಯಾವೀರಿ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದೊಂದು ಕತ್ತೆ. ಅದರ ಹೆಸರು ಸಾಹುಕಾರ. ಅವಳ ಬಟ್ಟೆಗಂಟು ಹೊರೋನೂ ಅವನೇ, ಅವಳ ಕಷ್ಟಸುಖ ಕೇಳೋನೂ ಅವನೇ.

ದಿನಾ ಮಧ್ಯಾಹ್ನ ಕತ್ತೆಯನ್ನು ಅರಮನೆ ಹಿತ್ತಲಲ್ಲಿ ಕಟ್ಟಿ, ಒಗೆದ ಬಟ್ಟೆ ಒಳಗೆ ಕೊಟ್ಟು ಬರೋದು ಅವಳ ರೂಢಿ. ಒಂದು ದಿನ ಯಾವ ನೊಣ ಕಚ್ಚಿತೋ ಏನೋ, ಸಾಹುಕಾರ ಕತ್ತೆತ್ತಿ 'ಹೀಂ...ಕಾ, ಹೀಂ...ಕಾ' ಅಂತ ರಾಗ ತೆಗೆದನಂತೆ. ರಾಜ ಮಂಚದಿಂದ ದುಡುಂ ಅಂತ ಬಿದ್ದ.

"ಏಯ್, ಅದರ ಬಾಯಿಗೆ ಏನಾದ್ರೂ ತುರುಕ್ರೋ!"

ಅಡುಗೆಯ ಶೀನಭಟ್ಟ ಬಿಸಿ ಹೋಳಿಗೆ ಹಿಡಿದುಕೊಂಡು ಓಡಿದ. ಕತ್ತೆ ಹೋಳಿಗೆ ನುಂಗಿತು, ಗಪ್‌ಚಿಪ್. ರಾಜ ಮೀಸೆ ತಿರುವಿ, "ನೋಡಿದ್ರಾ, ಕತ್ತೇನೂ ಪಳಗಿಸಿಬಿಟ್ಟೆ!" ಅಂದನಂತೆ.

ಮಾರನೇ ದಿನ ನೊಣವಿಲ್ಲ, ಏನೂ ಇಲ್ಲ. ಸಾಹುಕಾರ ಅಡುಗೆಮನೆ ಕಡೆ ನೋಡಿ ಕೂಗಿದ. ಹೋಳಿಗೆ ಬಂತು. ಮತ್ತೆ ಕೂಗಿದ, ಮತ್ತೆ ಬಂತು. ಕೂಗಿದಷ್ಟೂ ಹೋಳಿಗೆ, ಹೋಳಿಗೆ ಬಂದಷ್ಟೂ ಕೂಗು. ರಾಜನ ಕಣ್ಣು ಕೆಂಡದ ಹಾಗಾಯಿತು.

ಹೊಡೆಸಿಯೂ ನೋಡಿದನಂತೆ. ಕೆಂಪು ರುಮಾಲಿನ ಕಾವಲುಗಾರ ಬಂದು ಬಾರುಕೋಲು ಬೀಸಿದ. ಅದರಿಂದ ಕತ್ತೆ ಕಲಿತದ್ದು ಇಷ್ಟೇ: ಕೆಂಪು ರುಮಾಲು ಕಂಡರೆ ಒದೆಯಬೇಕು. ಮರುದಿನ ರಾಜನೇ ಕೆಂಪು ರುಮಾಲು ಸುತ್ತಿಕೊಂಡು ಹಿತ್ತಲಿಗೆ ಬಂದ. ಮುಂದಿನದು ನಾನು ಹೇಳಲ್ಲಪ್ಪ. ರಾಜ ಆಮೇಲೆ ಬೋರಲಾಗಿಯೇ ಮಲಗುತ್ತಿದ್ದ ಅಂತಷ್ಟೇ ತಿಳ್ಕೊಳ್ಳಿ.

ಬೋರಲಾಗಿ ಮಲಗಿಕೊಂಡೇ ಅಪ್ಪಣೆ ಮಾಡಿದ. "ಬರೋ ಅಮಾವಾಸ್ಯೆ ಮಧ್ಯಾಹ್ನದೊಳಗೆ ಇದರ ಬಾಯಿ ನಿಲ್ಲಬೇಕು. ನಿಲ್ಲದಿದ್ರೆ ಹುಲಿಕಾಡಿಗೆ ಅಟ್ಟಿಬಿಡ್ತೀನಿ!"

ದ್ಯಾವೀರಿ ಕತ್ತೆಯ ಕುತ್ತಿಗೆ ತಬ್ಬಿ ಅತ್ತಳಂತೆ. "ಅಯ್ಯೋ ನನ್ನಪ್ಪ, ನೀನು ಹುಲಿ ಬಾಯಿಗೆ ಹೋದ್ರೆ ನನಗ್ಯಾರೋ ಗತಿ?" ಅವಳು ಅಳ್ತಾ ಇದ್ದ ಹಾಗೇ ಕತ್ತೆ ಕೂಗಿತು. ಶೀನಭಟ್ಟ ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದ. ಇನ್ನೊಮ್ಮೆ ಕೂಗಿತು. ಇನ್ನೊಮ್ಮೆ ಓಡಿಬಂದ, ಏದುಸಿರು ಬಿಡುತ್ತಾ. ಅಳುತ್ತಿದ್ದವಳು ಗೊಳ್ಳಂತ ನಕ್ಕುಬಿಟ್ಟಳು. ನೆಟ್ಟಗೆ ರಾಜನ ಹತ್ತಿರ ಹೋದಳು.

"ಬುದ್ಧೀ, ನಿಮ್ಮ ಅಡುಗೆಮನೆ ಕತ್ತೇನ ಪಳಗಿಸಿಲ್ಲ. ಕತ್ತೇನೇ ಅಡುಗೆಮನೇನ ಪಳಗಿಸಿದೆ."

"ಏನೇ ಹಾಗಂದ್ರೆ?"

"ಕೂಗಿದ್ರೆ ಸಿಹಿ ಅಂತ ನೀವೇ ಪಾಠ ಹೇಳಿಕೊಟ್ಟಿದ್ದೀರ. ಇನ್ನು ಕೂಗಿದ್ರೆ ಚೂರೂ ಕೊಡಬಾರದು. ಸುಮ್ಮನಿದ್ದಾಗ ಕೊಡಬೇಕು. ಒಂದು ಮಾತು ಬುದ್ಧಿ, ಮೊದಮೊದಲು ಇನ್ನೂ ಜೋರಾಗಿ ಕೂಗ್ತಾನೆ. ಇವರಿಗೆ ಕಿವುಡಾಯ್ತೋ ಏನೋ ಅಂದ್ಕೋತಾನೆ. ಆಗ ತಡ್ಕೋಬೇಕು."

"ರಾಜ ಕಣೇ ನಾನು! ತಡ್ಕೊಳ್ಳೋದು ಯಾವ ಲೆಕ್ಕ?"

ದ್ಯಾವೀರಿ ಕತ್ತೆ ಮುಂದೆ ಕೂತಳು. ಅದು ಕೂಗಿದರೆ ಕಲ್ಲಿನ ಹಾಗೆ ಮುಖ ತಿರುಗಿಸಿದಳು. ಉಸಿರೆಳೆಯೋಕೆ ನಿಲ್ಲಿಸಿತಲ್ಲ, ಆ ಗಳಿಗೆಗೆ ನಾಲಿಗೆಯಲ್ಲಿ 'ಟೊಕ್' ಅಂದು ಒಂದು ಚೂರು ಹೋಳಿಗೆ ಕೊಟ್ಟಳು. 'ಟೊಕ್' ಅಂದರೆ 'ಇದೇ ಸರಿ, ಸಿಹಿ ಬಂತು' ಅಂತ ಗುರುತು. ಮೊದಲು ಒಂದು ಉಸಿರು ಸುಮ್ಮನಿದ್ದರೆ ಟೊಕ್. ಆಮೇಲೆ ಎರಡು ಉಸಿರಿಗೆ. ಆಮೇಲೆ ಎಲೆಯಡಿಕೆ ಅಗಿದು ಉಗುಳುವಷ್ಟು ಹೊತ್ತಿಗೆ.

ಮೊದಮೊದಲು ಕೂಗು ಹೇಗಿತ್ತು ಅಂತೀರಿ! ಗೋಡೆಯ ಸುಣ್ಣ ಉದುರಿತಂತೆ, ಮಂತ್ರಿಯ ಹಲ್ಲು ಅಲುಗಾಡಿತಂತೆ. ದ್ಯಾವೀರಿ ಜಗ್ಗಲಿಲ್ಲ. ಕೂಗು ಇಳಿಯಿತು, ಇಳಿಯಿತು, ಇನ್ನೇನು ನಿಂತೇಬಿಟ್ಟಿತು ಅನ್ನೋವಾಗ ಒಂದು ದಿನ ಇದ್ದಕ್ಕಿದ್ದಂತೆ ಮೊದಲಿಗಿಂತ ದುಪ್ಪಟ್ಟಾಯಿತು! ಕೂಗಿ ಕೂಗಿ ಸಾಹುಕಾರ ನೋಡುತ್ತಿದ್ದದ್ದು ರಾಜನ ಕಿಟಕಿಯನ್ನು.

"ಭಟ್ರೇ, ನೀವೇನಾದ್ರೂ ಕದ್ದು ಕೊಟ್ರಾ?"

"ನಮ್ಮಮ್ಮನಾಣೆ ಇಲ್ಲ ಕಣಮ್ಮ!"

ಅವತ್ತು ಮೈಲಿಗೆ ಬಟ್ಟೆ ಗಂಟು ಬಿಚ್ಚಿದರೆ ರಾಜನ ಜರಿ ಶಲ್ಯದ ಸೆರಗಿನ ತುಂಬಾ ತುಪ್ಪದ ಕಲೆ, ಅದಕ್ಕೆ ಮೆತ್ತಿದ ಹೂರಣ, ಅದರ ಜೊತೆಗೆ ಕತ್ತೆ ಜೊಲ್ಲು. ದ್ಯಾವೀರಿ ಶಲ್ಯ ಹಿಡಿದುಕೊಂಡು ಹೋಗಿ ರಾಜನ ಮುಂದೆ ಹರವಿದಳು.

ರಾಜ ಮೇಲೆ ನೋಡಿದ, ಕೆಳಗೆ ನೋಡಿದ. "ಅರ್ಧ... ಅರ್ಧನೇ ಕಣೇ ಕೊಟ್ಟಿದ್ದು. ತಲೆ ಸಿಡೀತಿತ್ತು."

"ಆ ಅರ್ಧದಿಂದ ಅವನಿಗೆ ಏನು ತಿಳೀತು ಗೊತ್ತಾ ಬುದ್ಧಿ? ಸಾಕಷ್ಟು ಕೂಗಿದ್ರೆ ರಾಜನೂ ಸೋಲ್ತಾನೆ ಅಂತ. ಅಪರೂಪಕ್ಕೊಂದು ಸಿಕ್ಕಿತು ಅಂದ್ರೆ ಆಸೆ ಸಾಯಲ್ಲ, ಬೇರು ಬಿಡ್ತದೆ. ತಪ್ಪು ನಿಮ್ಮದು, ಹುಲಿ ಬಾಯಿಗೆ ಹೋಗೋನು ಅವನು. ಇದು ನ್ಯಾಯವಾ?"

ರಾಜ ಎರಡೂ ಕೈ ಮುಂದೆ ಚಾಚಿ, "ಕಟ್ಟೇ," ಅಂದನಂತೆ. ಅವಳು ಒದ್ದೆ ಸೀರೆಯಲ್ಲಿ ರಾಜನ ಕೈ ಮಂಚದ ಕಾಲಿಗೆ ಕಟ್ಟಿದಳು. ಅವತ್ತಿನಿಂದ ಮಧ್ಯಾಹ್ನವಾದರೆ ಸಾಕು, ರಾಜ ತಾನೇ ಬಂದು ಕೈ ಒಡ್ಡುತ್ತಿದ್ದ.

ಅಮಾವಾಸ್ಯೆ ಬಂತು. ಮಧ್ಯಾಹ್ನವಾಯಿತು. ಊರಿಗೆ ಊರೇ ಹಿತ್ತಲ ಬೇಲಿಗೆ ನೇತುಬಿದ್ದಿತ್ತು. ಕಾಡಿಗೆ ಅಟ್ಟೋರು ಕೋಲು ಹಿಡಿದು ನಿಂತಿದ್ದರು, ರುಮಾಲು ಬಿಚ್ಚಿಟ್ಟು. ಸಾಹುಕಾರ ಕತ್ತೆತ್ತಿದ. ಬಾಯಿ ಅಗಲವಾಗಿ ತೆರೆದ.

ಸಾಹುಕಾರ ಆಕಳಿಸಿದ. ಬಾಯಿ ಮುಚ್ಚಿದ. ಬಾಲದಲ್ಲಿ ಒಂದು ನೊಣ ಹೊಡೆದುಕೊಂಡು ನಿಂತಲ್ಲೇ ತೂಕಡಿಸಿದ.

'ಟೊಕ್!' ಅಂದಳು ದ್ಯಾವೀರಿ, ಕಣ್ಣಲ್ಲಿ ನೀರು ಸುರಿಸುತ್ತಾ. ಒಳಗಿಂದ ರಾಜನ ಗೊರಕೆ ಕೇಳಿಸಿತು. ಕೋಲು ಹಿಡಿದವರು ಕೋಲು ಕೆಳಗಿಟ್ಟು ಹೋಳಿಗೆ ತಿನ್ನೋಕೆ ಕೂತರಂತೆ.

ಸಂಜೆ ದ್ಯಾವೀರಿ ಗಂಟು ಹೇರಿಕೊಂಡು ಕತ್ತೆಯನ್ನು ಕೆರೆಗೆ ಹೊಡೆದುಕೊಂಡು ಹೋದಳು. ಅಲ್ಲಿ ಒಗೆಯೋ ಕಲ್ಲಿನ ಮೇಲೆ ಕಾಲು ಚಾಚಿ ಕೂತು, "ಕೂಗು ನನ್ನಪ್ಪ, ಇಲ್ಲಿ ಯಾವ ರಾಜನೂ ಮಲಗಿಲ್ಲ," ಅಂದಳು. ಸಾಹುಕಾರ ಕಿವಿ ನಿಗುರಿಸಿ, ಎದೆ ತುಂಬ ಗಾಳಿ ಎಳೆದು ಒಂದು ಕೂಗು ಕೂಗಿದ ನೋಡಿ, ಕಪ್ಪೆಗಳೆಲ್ಲ ಪುಳಕ್ ಪುಳಕ್ ಅಂತ ನೀರಿಗೆ ಹಾರಿದವಂತೆ. ದ್ಯಾವೀರಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ.

ಕತ್ತೆ ಅಲ್ಲಿ ಕೂಗಿತು, ಕತೆ ಇಲ್ಲಿ ಮುಗಿಯಿತು. ಸುಮ್ಮನೆ ಕೂತು ಕೇಳಿದವರ ಬಾಯಿ ಸಿಹಿಯಾಗಲಿ.