ಗೋಯ್ದ ದಡ ಮುಟ್ಟಿದ್ದು

ಆಗಬೋಟಿನ ಕಾಲದ ಮಾತಿದು, ಕೇಳಿ. ಆಗ ಆ ಉಗಿಹಡಗು ದಡಕ್ಕೆ ಬರುತ್ತಿರಲಿಲ್ಲ, ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು. ಹತ್ತುವವರು ದೋಣಿಯಲ್ಲಿ ಹೋಗಿ ಹತ್ತಬೇಕು. ಇಳಿಯುವವರು ದೋಣಿ ಬಂದರೆ ಇಳಿಯಬೇಕು. ಬರದಿದ್ದರೆ? ಇಳಿಯಬೇಕಾದ ಊರು ಕಣ್ಣೆದುರೇ ಹಿಂದೆ ಹೋಗುತ್ತದೆ, ನೋಡುತ್ತಾ ನಿಲ್ಲಬೇಕು.

ಆ ಕಾಲದಲ್ಲಿ ಹೊನ್ನಮ್ಮ ಅಂತ ಒಬ್ಬಳು. ಅವಳಿಗೆ ಗೋಯ್ದ ಅಂತ ಒಬ್ಬ ಮಗ. ಮೈ ಬೆಳೆದಿತ್ತು, ಬುದ್ಧಿ ಬೆಳೆಯುವುದನ್ನು ಮರೆತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ. ಇವನನ್ನು ಕಟ್ಟಿಕೊಂಡು ಮಗಳ ಊರಿಗೆ ಹೇಗೆ ಹೋಗಲಪ್ಪಾ ದೇವರೇ ಅಂತ ತಾಯಿ ಹಣೆ ಚಚ್ಚಿಕೊಂಡಳು. ಆದರೆ ಬಿಟ್ಟು ಹೋಗುವ ಹಾಗಿಲ್ಲ. ಮಗಳು ಮಾದೇವಿಯ ಕೂಸಿಗೆ ಕಿವಿ ಚುಚ್ಚಬೇಕು, ಚುಚ್ಚುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಇರುವ ಒಬ್ಬ ಸೋದರಮಾವ ಇವನೇ. ಮಳೆಗಾಲ ತಲೆಯ ಮೇಲೆ ಬಂದಿತ್ತು, ಆ ವರ್ಷದ ಕಡೆಯ ಆಗಬೋಟು ಅದು. ಇದೂ ತಪ್ಪಿದರೆ ಬೀಗರು ಮಾದೇವಿಯನ್ನು ತವರಿಲ್ಲದವಳು ಅಂತ ಚುಚ್ಚಿ ಚುಚ್ಚಿ ಕೊಲ್ಲುತ್ತಾರೆ.

ಹೊರಟರು. ಬಟ್ಟೆಯ ಗಂಟಿಗೆ ನೀರು ಸೋಕಬಾರದು, ತಲೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿ ಅಂದಳು ತಾಯಿ. ಗೋಯ್ದ ಹಿಡಿದ. ದೋಣಿ ಹಡಗಿನ ಬದಿಗೆ ಬಂತು, ಹಗ್ಗದ ಏಣಿ ಇಳಿಬಿಟ್ಟರು. ಎಲ್ಲರೂ ಹತ್ತಿದರು. ಗೋಯ್ದ ನಿಂತೇ ಇದ್ದ, ಎರಡೂ ಕೈ ಗಂಟಿನ ಮೇಲೆ! ಕಡೆಗೆ ಸೊಂಟಕ್ಕೆ ಹಗ್ಗ ಕಟ್ಟಿ ಅಕ್ಕಿಮೂಟೆಯ ಹಾಗೆ ಮೇಲಕ್ಕೆ ಎಳೆದರು. ಗಂಟು ಮಾತ್ರ ಒಣಗಿಯೇ ಇತ್ತು. ನಾಲ್ಕು ಜನರನ್ನು ನೋಡಿಯಾದರೂ ಕಲಿಯಬಾರದೇನೋ, ಪಕ್ಕದವರು ಮಾಡಿದ ಹಾಗೆ ಮಾಡು ಅಂತ ತಾಯಿ ಬೈದಳು.

ಪಕ್ಕದಲ್ಲಿ ಒಬ್ಬ ಜವಳಿ ವ್ಯಾಪಾರಿ. ಹಡಗು ಓಲಾಡಿತು, ಅವನಿಗೆ ಹೊಟ್ಟೆ ತೊಳೆಸಿತು, ಕಟಕಟೆಗೆ ಬಗ್ಗಿ ವಾಂತಿ ಮಾಡಿದ. ಗೋಯ್ದನಿಗೆ ಏನೂ ಆಗಿರಲಿಲ್ಲ. ಆದರೂ ಬಗ್ಗಿದ, ಗಂಟಲಿಗೆ ಎರಡು ಬೆರಳು ಹಾಕಿದ, ಬೆಳಿಗ್ಗೆ ತಿಂದ ದೋಸೆಯನ್ನೆಲ್ಲ ಸಮುದ್ರಕ್ಕೆ ಕೊಟ್ಟ. ತಾಯಿಗೆ ಅಳು ಬಂತು. ಬಾಯಿ ಮುಚ್ಚಿಕೊಂಡು ಕೂತಿರು, ಏನೇ ಆದರೂ ಬಾಯಿ ತೆಗೆಯಬೇಡ ಅಂದು, ತಲೆ ತಿರುಗಿ ಅಲ್ಲೇ ಮಲಗಿಬಿಟ್ಟಳು.

ಮಾದೇವಿಯ ಊರು ಬಂತು. ಅಲೆ ಜೋರಾಗಿತ್ತು. ಇಳಿಯುವವರಿದ್ದರೆ ಹೇಳಿ, ಸೀಟಿ ಹಾಕಿ ದೋಣಿ ಕರೆಸುತ್ತೇವೆ, ಇಲ್ಲದಿದ್ದರೆ ಮುಂದೆ ಹೋಗುತ್ತೇವೆ ಅಂತ ಹಡಗಿನವನು ಕೇಳಿಕೊಂಡು ಬಂದ. ಗೋಯ್ದ ತುಟಿ ಬಿಗಿಹಿಡಿದ. ಇನ್ನೊಂದು ಸಲ ಕೇಳಿದ. ಗೋಯ್ದ ಬಾಯಿಗೆ ಕೈ ಅಡ್ಡ ಹಿಡಿದ. ಸರಿ, ಲಂಗರು ಎತ್ತಲು ಹೊರಟರು. ಆ ಸದ್ದಿಗೆ ಹೊನ್ನಮ್ಮನಿಗೆ ಎಚ್ಚರ! "ಹಾಳಾಗ್ ಹೋಯ್ತಲ್ಲೋ ಮಗಾ! ಕೂಗೋ, ದೋಣಿ ಕರಿಯೋ!"

ಗೋಯ್ದ ಕೂಗಿದ. ಹುಟ್ಟಿದಂದಿನಿಂದ ಕೂಡಿಟ್ಟಿದ್ದನ್ನೆಲ್ಲ ಕೂಗಿದ. ದಡದಲ್ಲಿ ಬಲೆ ಒಣಗಿಸುತ್ತಿದ್ದವರು ಹೆದರಿ ತಲೆಯೆತ್ತಿದರು. ಯಾರೋ ಮುಳುಗುತ್ತಿದ್ದಾರೆ ಅಂದುಕೊಂಡು ದೋಣಿಯವರ ಮುಖಂಡ ಜಟ್ಟಿ ತಂಡೇಲ ದೋಣಿ ನೂಕಿದ.

ಲಂಗರು ಎತ್ತದೆ ನಿಂತ ಹಡಗಿನ ಬದಿಗೆ ಬಂದ ದೋಣಿ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ತಾಯಿ ಮಗ ಏಣಿಯ ತುದಿಯಲ್ಲಿ ನೇತಾಡಿದರು. "ದೋಣಿ ಮೇಲೆ ಬಂದಾಗ ನಾ ಹಾರು ಅಂತೆ. ಅಂದ ಕೂಡ್ಲೆ ಹಾರ್ಬೇಕು," ಅಂದ ತಂಡೇಲ. ಹಾರು ಅಂದ, ಗೋಯ್ದ ಹಾರಿದ, ಸರಿಯಾಗಿ ದೋಣಿಯಲ್ಲಿ ಬಿದ್ದ. ಹೊನ್ನಮ್ಮನ ಸರದಿ ಬಂತು. ಹಾರು ಅಂದ. ತಾಯಿ ದೋಣಿಗೆ ಹಾರಿದಳು, ಮಗ ಏಣಿಗೆ ಹಾರಿದ! ಮೂರನೇ ಸಲ ಹಾರಿಸಿ ಕೆಳಗೆ ತಂದಾಗ ತಂಡೇಲನೇ ಬೆವೆತಿದ್ದ. "ಇನ್ ನಾ ಹೇಳೂ ತನಕ ದೋಣಿಯಿಂದ ಏಳಬೇಡ," ಅಂದಳು ತಾಯಿ.

ದಡ ಬಂತು. ಕೂಸನ್ನು ಎತ್ತಿಕೊಂಡು ಮಾದೇವಿ ನಿಂತಿದ್ದಳು. ಹೊನ್ನಮ್ಮ ಓಡಿದಳು, ಕೂಸನ್ನು ಅಪ್ಪಿಕೊಂಡಳು, ಮಾತಾಡುತ್ತಾ ಮನೆಗೇ ಹೋಗಿಬಿಟ್ಟಳು. ಮುಹೂರ್ತದ ಹೊತ್ತಿಗೆ ಅಕ್ಕಸಾಲಿ ಸೂಜಿ ಹಿಡಿದು ಸೋದರಮಾವ ಎಲ್ಲಿ ಅಂದ. ಎಲ್ಲಿ? ದೋಣಿಯಲ್ಲಿ! ಕರೆದುಕೊಂಡು ಬರುವಷ್ಟರಲ್ಲಿ ಮುಹೂರ್ತ ಮೀರುತ್ತದೆ. ಬೀಗರು, ಅಕ್ಕಸಾಲಿ, ಕೂಸು, ಆರತಿ ತಟ್ಟೆ, ಎಲ್ಲ ಮರಳಿನ ಮೇಲೆ ದೋಣಿಯ ಕಡೆಗೆ ಓಡಿದವು. ದೋಣಿಯಲ್ಲೇ ಗೋಯ್ದನ ತೊಡೆಯ ಮೇಲೆ ಕೂಸನ್ನು ಕೂರಿಸಿದರು. ಒಂದು ಕಿವಿ ಆಯಿತು, ಇನ್ನೊಂದು ಕಿವಿಯೂ ಆಯಿತು. ಬೀಗರು ನಕ್ಕರು. ಮಾದೇವಿ ಕಣ್ಣೊರೆಸಿಕೊಂಡಳು. ಹೊನ್ನಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು.

ಇನ್ನು ಇಳಿ, ಬಂದವರ ಕಾಲಿಗೆಲ್ಲ ಬೀಳು, ಒಬ್ಬರನ್ನೂ ಬಿಡಬೇಡ ಅಂದಳು. ಗೋಯ್ದ ಬೀಗರ ಕಾಲಿಗೆ ಬಿದ್ದ, ಅಕ್ಕಸಾಲಿಯ ಕಾಲಿಗೆ, ತಂಡೇಲನ ಕಾಲಿಗೆ, ಕೂಸಿನ ಕಾಲಿಗೂ ಬಿದ್ದ. ಅಳುತ್ತಿದ್ದ ಕೂಸು ಅವನ ಜುಟ್ಟು ಹಿಡಿದು ಕಿಲಕಿಲ ನಕ್ಕಿತು. ಕಡೆಗೆ ತಾಯಿಯ ಕಾಲಿಗೆ ಉದ್ದಕ್ಕೆ ಬಿದ್ದ. ಹೊನ್ನಮ್ಮನಿಗೆ ಬೈಗುಳ ಬರಲಿಲ್ಲ, ಕರುಳು ಕರಗಿತು. ತಲೆ ಸವರಿ ಹರಸಿದಳು.

"ನೂರು ವರ್ಷ ಹೀಂಗೇ ಇರು, ಮಗಾ."

ಗೋಯ್ದ ಹಾಗೇ ಇದ್ದ. ಮರಳಿಗೆ ಮೂಗು ತಾಗಿಸಿಕೊಂಡು, ಉದ್ದಕ್ಕೆ. ಊಟಕ್ಕೆ ಎಲೆ ಹಾಕಿದರು, ಏಳಲಿಲ್ಲ. ಸಮುದ್ರದ ಭರತ ಏರಿ ನೀರು ಕಾಲು ಮುಟ್ಟಿತು, ಏಳಲಿಲ್ಲ. ಕಡೆಗೆ ನಾಲ್ಕು ಜನ ಹಾಗೇ ಎತ್ತಿಕೊಂಡು ಹೋಗಿ ಪಂಕ್ತಿಯ ನಡುವೆ ಬೋರಲು ಮಲಗಿಸಿದರು.