ಫಾಂಗ್ ಪಂಡಿತನ ಗಂಟೆ

ಎದುರಿಗೆ ಯಾರೇ ಮಾತಾಡ್ತಿರಲಿ, ತನ್ನ ಎಡಗೈಯ ನಾಡಿ ಹಿಡ್ಕೊಂಡು ಒಳಗೊಳಗೇ ಎಣಿಸ್ತಾ ಕೂರೋದು ಫಾಂಗ್ ಪಂಡಿತನ ಅಭ್ಯಾಸವಂತೆ. ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಒಂದಾನೊಂದು ಕಾಲದ ಮಾತು ಕೂಸೇ, ಆಗ ಚೀನಾ ದೇಶದಲ್ಲಿ ಮದ್ದು ಅರೆಯೋದಕ್ಕೂ ಅವನೇ, ಸೇತುವೆ ಕಟ್ಟೋದಕ್ಕೂ ಅವನೇ, ನಕ್ಷತ್ರ ನೋಡೋದಕ್ಕೂ ಅವನೇ ಅಂತೆ. ಅಷ್ಟೆಲ್ಲ ಬಲ್ಲವನು ಬಾಯಿ ತಪ್ಪಿ ರಾಜನಿಗೆ ಮಾತು ಕೊಟ್ಟನಂತೆ, ಮಹಾಸ್ವಾಮಿ, ತಾನಾಗೇ ಹೊಡೆಯೋ ಗಂಟೆ ಮಾಡ್ತೀನಿ, ಅಂಗಳದ ಕಂಬದ ನೆರಳು ನಡುಮಧ್ಯಾಹ್ನದ ಗೆರೆ ಮುಟ್ಟೋದಕ್ಕೂ ಅದು ಹೊಡೆಯೋದಕ್ಕೂ ಸರಿಹೋಗುತ್ತೆ ಅಂತ. ರಾಜ, ಮೂರು ಸಲ ನೋಡ್ತೀನಿ, ಮೂರನೇದೂ ತಪ್ಪಿದ್ರೆ ಗಂಡ ಹೆಂಡತಿ ಇಬ್ಬರೂ ಮರಳುಗಾಡಿನ ಗಡಿಗೆ ನಡೀರಿ ಅಂದನಂತೆ. ಅಲ್ಲಿಗೆ ಹೋದ ಅವರಂಥ ಮುದುಕರು ಯಾರೂ ತಿರುಗಿ ಬಂದಿರಲಿಲ್ಲವಂತೆ.

ಪಂಡಿತ ದೊಡ್ಡ ಚಕ್ರ ಮಾಡಿ ಸುತ್ತ ಬಟ್ಟಲು ಕಟ್ಟಿದನಂತೆ, ತೊಟ್ಟಿಯಿಂದ ನೀರು ಬಿದ್ದು ಒಂದು ಬಟ್ಟಲು ತುಂಬಿದ್ರೆ ಚಕ್ರ ಒಂದು ಹೆಜ್ಜೆ ಸರಿಯೋದು, ಸುತ್ತು ಮುಗಿದಾಗ ಗಂಟೆಗೆ ಬಡಿಯೋದು. ಮೊದಲನೇ ಸಲ ನೆರಳು ಗೆರೆ ಮುಟ್ತು, ದಾಟ್ತು, ಗಂಟೆ ಉಸಿರೇ ಎತ್ತಲಿಲ್ಲ. ನೋಡಿದ್ರೆ ಚಳಿಗೆ ನೀರು ಗಡ್ಡೆ ಕಟ್ಟಿದೆ! ಆಮೇಲೆ ತೊಟ್ಟಿ ಕೆಳಗೆ ಕೆಂಡದ ಒಲೆ ಇಟ್ಟನಂತೆ. ಎರಡನೇ ಸಲ ನೆರಳು ಇನ್ನೂ ಗೇಣು ದೂರ ಇರುವಾಗಲೇ ಗಂಟೆ ಢಣ್ ಅಂತು. ಪಂಡಿತರ ಗಂಟೆಗೆ ಬಹಳ ಹಸಿವು ಅಂತ ಮಂತ್ರಿಗಳು ನಕ್ಕರಂತೆ.

ಪಂಡಿತ ಮನೆಗೆ ಬಂದು ಚಕ್ರದ ಲೆಕ್ಕ ಮತ್ತೆ ಮತ್ತೆ ಹಾಕ್ತಾ ಕೂತನಂತೆ. ಹೆಂಡತಿ ಯೂಲಾನ್ ಗಡಿಗೆ ಹೋಗೋಕೆ ಕಂಬಳಿ ಮಡಿಸ್ತಾ ಅಂದಳಂತೆ, ಅಲ್ರೀ, ಬೆಚ್ಚಗಾದ ಎಣ್ಣೆ ಬೇಗ ಸುರಿಯುತ್ತೆ ಅಂತ ಅಡುಗೆಮನೆ ಬೆಕ್ಕಿಗೂ ಗೊತ್ತು, ನೀರೂ ಹಾಗೇ ಅಲ್ವಾ? ಚಳಿಗೆ ಗಡ್ಡೆ ಕಟ್ಟದೆ, ಒಲೆ ಬೇಡದೆ ಹರಿಯೋದು ನಿಮ್ಮ ಮದ್ದಿನ ಬುಡ್ಡಿಗಳಲ್ಲಿ ಏನೂ ಇಲ್ವಾ?

ಪಂಡಿತ ಎದ್ದು ಓಡಿ ಪಾದರಸದ ಬುಡ್ಡಿಗಳನ್ನ ತಂದು, ಒಲೆ ತೆಗೆದು, ನೀರಿನ ಬದಲು ಅದನ್ನೇ ತೊಟ್ಟಿಗೆ ಸುರಿದನಂತೆ. ಆಮೇಲೆ ಅದು ನೀರಿಗಿಂತ ಭಾರ ಅಂತ ಬಟ್ಟಲೆಲ್ಲ ಬಿಚ್ಚಿ ಚಿಕ್ಕದು ಮಾಡಿದನಂತೆ.

ಮೂರನೇ ಸಲದ ದಿನ ಬಂತು. ಗಡಿಗೆ ಹೋಗೋ ಗಾಡಿ ಬಾಗಿಲಲ್ಲೇ ನಿಂತಿತ್ತು. ನೆರಳು ಬೆರಳಷ್ಟು ದೂರ, ಆಮೇಲೆ ಕೂದಲಷ್ಟು ದೂರ, ಯೂಲಾನ್ ಕಣ್ಣು ಮುಚ್ಕೊಂಡಳು. ನೆರಳು ಗೆರೆ ಮುಟ್ತು.

ಢಣ್!

ರಾಜ ಅದೇ ಗಾಡಿ ತುಂಬ ರೇಷ್ಮೆ ಹೇರಿಸಿ ಇಬ್ಬರನ್ನೂ ಮನೆಗೆ ಕಳಿಸಿದನಂತೆ, ಅವರು ಬಿಸಿ ಗಂಜಿ ಕುಡಿದು ನೆಮ್ಮದಿಯಾಗಿ ಕೂತರಂತೆ. ಕತೆ ಇಲ್ಲಿಗೇ ಮುಗೀಬೇಕಿತ್ತು ಕೂಸೇ. ಅಷ್ಟರಲ್ಲಿ ರಾಜನ ದೂತ ಬಂದ, ಮುಂದಿನ ಚಳಿಗಾಲದೊಳಗೆ ಆಕಾಶದಲ್ಲಿ ನಡೆಯೋ ಹಾಗೇ ಸೂರ್ಯ ಚಂದ್ರರ ಬೊಂಬೆಗಳನ್ನೂ ತಿರುಗಿಸೋ ಯಂತ್ರ ಬೇಕಂತೆ ಅಂದ.

ಆಗಲ್ಲ ಅಂತ ಹೇಳಿ ಕಳಿಸ್ರೀ, ನಿಮ್ಮ ದಮ್ಮಯ್ಯ, ಅಂದಳಂತೆ ಯೂಲಾನ್.

ಪಂಡಿತ ಆಗಲೇ ಎಡಗೈಯ ನಾಡಿ ಹಿಡ್ಕೊಂಡು, ಆಕಾಶ ನೋಡ್ತಾ ಎಣಿಸೋಕೆ ಶುರು ಮಾಡಿದ್ದನಂತೆ.