ಮೋನಪ್ಪನ ಮೊರದಗಲದ ಸಾಲೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟುವ ಮುಂಚೆ, ಹೊಳೆಯ ಈಚೆ ದಂಡೆಯಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಮೋನಪ್ಪ ಅಂತ ಒಬ್ಬ ಬಡಿಗ ಇದ್ದನಂತೆ. ಊರಿನ ನೇಗಿಲು ಅವನದು, ಕೂರಿಗೆ ಅವನದು, ಹುಟ್ಟಿದ ಕೂಸಿಗೆ ತೊಟ್ಟಿಲೂ ಅವನದೇ. ಅವನು ಮಾಡಿದ ತೊಟ್ಟಿಲಲ್ಲಿ ಮಲಗಿದ ಕೂಸು ಅಳುತ್ತಲೇ ಇರಲಿಲ್ಲ ಅಂತಾರೆ. ಅಳದ ಕೂಸನ್ನು ನಾನಂತೂ ಕಂಡಿಲ್ಲ. ಆದರೂ ಹಾಗಂತಾರೆ.

ಊರ ಅಂಚಿನ ಬೇವಿನ ಮರದ ಬುಡದಲ್ಲಿ ಅವನ ಸಾಲೆ. ಸಾಲೆ ಅಂದರೆ ಮಕ್ಕಳು ಓದುವ ಸಾಲೆಯಲ್ಲ, ಬಡಿಗ ಕೂತು ಕೆಲಸ ಮಾಡುವ ಜಾಗ. ನಾಲ್ಕು ಕಂಬ, ಮೇಲೆ ಹಂಚು, ಮೂರು ಕಡೆ ಗೋಡೆ. ಮುಂದುಗಡೆ ಬಾಗಿಲೇ ಇಲ್ಲ. ಅವನಪ್ಪನ ಕಾಲದಿಂದಲೂ ಇರಲಿಲ್ಲ. ಯಾರಿಗೆ ಮರ ಕೆತ್ತುವ ಬಾಚಿ ಬೇಕೋ ಅವರು ಬಂದು ಒಯ್ಯುತ್ತಿದ್ದರು, ಯಾರಿಗೆ ಉಳಿ ಬೇಕೋ ಅವರು ಬಂದು ಒಯ್ಯುತ್ತಿದ್ದರು. ಕೇಳಿ ಒಯ್ಯುವವರೂ ಇದ್ದರು, ಕೇಳದೆ ಒಯ್ಯುವವರೂ ಇದ್ದರು. ಮೋನಪ್ಪ ಯಾರಿಗೂ ಇಲ್ಲ ಅಂದವನಲ್ಲ.

ಹೀಗಿರುವಾಗ ಮೋನಪ್ಪನ ಕಣ್ಣಿಗೆ ಪೊರೆ ಬಂತಂತೆ. ಮೊದಲು ಮರದ ಮೇಲೆ ತಾನೇ ಎಳೆದ ಗೆರೆ ಕಾಣದಾಯಿತು. ಆಮೇಲೆ ಹೆಂಡತಿ ಕಾಳವ್ವನ ಹಣೆಯ ಕುಂಕುಮ ಕಾಣದಾಯಿತು. ನಾಟಿವೈದ್ಯ ಸೊಪ್ಪಿನ ರಸ ಹಿಂಡಿ ನೋಡಿದ, ಹಿಂಡಿ ಹಿಂಡಿ ಸಾಕಾಗಿ, ಬರುವ ಬೇಸಿಗೆ ಹೊತ್ತಿಗೆ ಪೂರ್ತಿ ಕತ್ತಲೆ ಅಂದುಬಿಟ್ಟ. ನೆಂಟರು ಬಂದು, ದುಡಿದದ್ದು ಸಾಕು, ಇನ್ನು ಜಗಲಿ ಮೇಲೆ ಕೂತು ಉಣ್ಣು ಅಂದರು. ಮೋನಪ್ಪ ಹೂಂ ಅಂದ. ಹೂಂ ಅಂದವನು ಮಾರನೆಯ ದಿನವೇ ಸಾಲೆಯ ಮೂಲೆಯಲ್ಲಿ ಬಿದ್ದಿದ್ದ ಚಕ್ಕೆ, ತುಂಡು ಎಲ್ಲ ಬಾಚಿಕೊಂಡು ಕೂತ.

ಕಣ್ಣು ಹೋದರೆ ಹೋಗಲಿ, ಕೈ ಹೋಗುವುದಿಲ್ಲವಲ್ಲ. ಕೈಗೆ ಈ ಸಾಲೆ ಪೂರ್ತಿ ಬಾಯಿಪಾಠ ಆಗಬೇಕು. ಅವನ ಲೆಕ್ಕ ಅದು. ಅದಕ್ಕೆ ಅವನು ತನ್ನ ಸಾಲೆಯನ್ನೇ ಚಿಕ್ಕದು ಮಾಡಿ ಕಟ್ಟತೊಡಗಿದನಂತೆ. ತನ್ನ ಮೊಳಕ್ಕೆ ತನ್ನದೇ ಎರಡು ಬೆರಳು. ದೊಡ್ಡದರಲ್ಲಿ ಒಂದು ಮೊಳ ಇದ್ದದ್ದು ಚಿಕ್ಕದರಲ್ಲಿ ಎರಡು ಬೆರಳಗಲ. ಒಂದೊಂದು ಗೋಡೆಯನ್ನೂ ಕೈಯಲ್ಲಿ ಅಳೆದು ಬರುವುದು, ಬಂದು ಚಕ್ಕೆ ಕೊಯ್ಯುವುದು. ಹತ್ಯಾರ ತೂಗುಹಾಕುವ ಗೂಟಗಳ ಬದಲು ಗೋಡೆಗೆ ಜಾಲಿಮುಳ್ಳು ಚುಚ್ಚಿದ. ಒಡೆದ ದೀಪದ ತಗಡಿನಿಂದ ಗರಗಸ ಮಾಡಿ, ಅದಕ್ಕೆ ಹಲ್ಲನ್ನೂ ಕೊರೆದ. ಬಾಚಿ, ಉಳಿ, ಉಳಿ ಬಡಿಯುವ ಕೊಡತಿ, ತೂತು ಕೊರೆಯುವ ಬೈರಿಗೆ, ಯಾವುದನ್ನೂ ಬಿಡಲಿಲ್ಲ. ಕೈ ಒಳಗೆ ಹೋಗಲಿ ಅಂತ ಮೇಲಿನ ಮಾಡು ಎತ್ತಿದರೆ ಬರುವ ಹಾಗೆ ಇಟ್ಟ. ಎಲ್ಲ ಸೇರಿ ಒಂದು ಮೊರದಗಲ.

ಎಣ್ಣೆ ಗಾಣದ ಗುರುಬಸಪ್ಪ ಅವನ ಓರಗೆಯವನು. ಬಂದು ನೋಡಿದ, ನಕ್ಕ.

"ಏನೋ ಮೋನ್ಯಾ, ಗೊಂಬಿಗೆ ಮನಿ ಕಟ್ಟಾಕತ್ತೀಯೇನು?"

"ಹೌದಪಾ. ಇದು ಮುಗೀಲಿ, ನಿನಗೂ ಒಂದು ಗಾಣ ಮಾಡಿ ಕೊಡ್ತೀನಿ. ಇಲಿ ಕಟ್ಟಿ ತಿರುಗಿಸು."

ದೊಡ್ಡ ಸಾಲೆಯ ಮುಂದಿನ ಕಂಬ ಒಂದು ಗೆದ್ದಲು ತಿಂದು ವಾಲಿತ್ತು. ಮೋನಪ್ಪ ಚಿಕ್ಕದರಲ್ಲೂ ಆ ಕಂಬವನ್ನು ವಾಲಿಸಿಯೇ ನಿಲ್ಲಿಸಿದ. ಕಾಳವ್ವ ಸುಮ್ಮನಿರಲಾರದೆ, ಇದರಲ್ಲಾದರೂ ನೆಟ್ಟಗೆ ನಿಲ್ಲಿಸಬಾರದೇ ಅಂದಳಂತೆ. ಅವನು, "ಇದರಾಗ ನೆಟ್ಟಗ ಮಾಡಿದ್ರ ಅದರಾಗ ನನ್ನ ಹಣಿ ಒಡೀತದ" ಅಂದ.

ಬೇಸಿಗೆ ಬಂತು, ವೈದ್ಯ ಹೇಳಿದಂತೆ ಕತ್ತಲೆಯೂ ಬಂತು. ಮೋನಪ್ಪ ಅಳಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ಜಗಲಿ ಮೇಲೆ ಕೂರುತ್ತಿದ್ದ, ಚಿಕ್ಕ ಸಾಲೆಯನ್ನು ತೊಡೆ ಮೇಲಿಟ್ಟುಕೊಂಡು ಒಳಗೆ ಬೆರಳಾಡಿಸುತ್ತಿದ್ದ. ಆಮೇಲೆ ಎದ್ದು ದೊಡ್ಡ ಸಾಲೆಗೆ ಹೋಗುತ್ತಿದ್ದ. ಹೋಗಿ ವಾಲಿದ ಕಂಬಕ್ಕೆ ಎಡಗೈ ಕೊಟ್ಟು, ತಲೆ ಬಗ್ಗಿಸಿ, ಒಳಗೆ ಕಾಲಿಡುತ್ತಿದ್ದ. ಉಳಿ ಬೇಕೆಂದರೆ ಉಳಿಗೇ ಕೈ, ಕೊಡತಿ ಬೇಕೆಂದರೆ ಕೊಡತಿಗೇ ಕೈ. ಮೊದಲಿನ ಹಾಗೇ ನೇಗಿಲಾಯಿತು, ಮೊದಲಿನ ಹಾಗೇ ತೊಟ್ಟಿಲಾಯಿತು. ನೋಡಲು ಆಚೆ ದಂಡೆಯ ಊರಿನಿಂದಲೂ ಜನ ಬಂದರು ಅಂತಾರೆ.

ಆದರೆ ಊರ ಜನಕ್ಕೆ ಹಳೇ ರೂಢಿ ಹೋಗುತ್ತದೆಯೇ? ಬರುವುದು, ಒಯ್ಯುವುದು, ತಂದು ಕಂಡಲ್ಲಿ ಇಟ್ಟು ಹೋಗುವುದು. ಒಂದು ದಿನ ಮೋನಪ್ಪ ಎಂದಿನಂತೆ ಕಂಬಕ್ಕೆ ಎಡಗೈ ಕೊಟ್ಟ. ಯಾರೋ ಒಯ್ದ ಬಾಚಿಯನ್ನು ತಂದು, ಹರಿತವಾದ ಬಾಯಿ ಹೊರಗೆ ಮಾಡಿ, ಅದೇ ಕಂಬಕ್ಕೆ ಒರಗಿಸಿಟ್ಟಿದ್ದರು. ಅಂಗೈ ಸೀಳಿತು.

ಕಣ್ಣು ಹೋದಾಗ ಅಳದವನು ಅಂದು ಅತ್ತನಂತೆ. ಗಾಯದ ನೋವಿಗಲ್ಲ. ಇನ್ನು ಯಾವುದಕ್ಕೆ ಕೈ ಚಾಚಲೂ ಹೆದರಿಕೆಯಾಗುತ್ತದೆ, ಈಗ ನಾನು ನಿಜವಾಗಿ ಕುರುಡನಾದೆ ಅಂದನಂತೆ. ಆ ಗೊಂಬೆಮನೆಯನ್ನು ಒಲೆಗೆ ಹಾಕು ಅಂದನಂತೆ ಕಾಳವ್ವನಿಗೆ.

ಕಾಳವ್ವ ಒಲೆಗೆ ಹಾಕಲಿಲ್ಲ. ಸೆರಗನ್ನು ಸಿಂಬೆ ಸುತ್ತಿ, ಚಿಕ್ಕ ಸಾಲೆಯನ್ನು ತಲೆ ಮೇಲೆ ಹೊತ್ತು, ಗುರುಬಸಪ್ಪನ ಗಾಣದ ಮನೆಗೆ ನಡೆದಳು. ಹಾಗೆ ಹೊತ್ತು ನಡೆಯುವಾಗ ಒಳಗಿನ ಒಂದು ಉಳಿಯೂ ಅಲುಗಲಿಲ್ಲ ಅಂತಾರೆ. ಎಣ್ಣೆಗೆ ಬಂದವರು ಅಲ್ಲಿ ತುಂಬಿದ್ದರು. ಕಾಳವ್ವ ಸಾಲೆಯನ್ನು ನಡುವೆ ಇಳಿಸಿ, ಮಾಡು ಎತ್ತಿ ಪಕ್ಕಕ್ಕಿಟ್ಟಳು. ಅವಳು ಬೈಯುವವಳಲ್ಲ, ಅಂದೂ ಬೈಯಲಿಲ್ಲ.

"ಇದು ನನ್ನ ಗಂಡನ ಕಣ್ಣು. ಈ ಕಂಬದ ಹತ್ರ ಏನಾದ್ರೂ ಐತೇನ್ರಿ, ನೋಡ್ರಿ. ಏನೂ ಇಲ್ಲ. ಅದಕ್ಕ ಅವರು ಧೈರ್ಯದಿಂದ ಕೈ ಇಟ್ರು. ಅಲ್ಲಿ ಬಾಚಿ ಇತ್ತು, ಅಂಗೈ ಸೀಳ್ತು."

ಗಾಣದ ಎತ್ತು ತಾನಾಗಿ ನಿಂತಿತು ಅಂತಾರೆ. ನಿಲ್ಲಿಸಿದವನು ಗುರುಬಸಪ್ಪನೇ ಇರಬೇಕು. ಅವನು ಎತ್ತಿನ ಬೆನ್ನ ಮೇಲಿಂದ ಕೈ ತೆಗೆಯದೆ, "ನಾನೇ ಯವ್ವಾ" ಅಂದ. ಗಾಣದ ಒನಕೆ ಕೆತ್ತಲು ಬಾಚಿ ಒಯ್ದಿದ್ದನಂತೆ, ತಿರುಗಿ ಇಡುವಾಗ ಎತ್ತು ಹಗ್ಗ ಹರಿದುಕೊಂಡಿತ್ತಂತೆ, ಆ ಅವಸರಕ್ಕೆ ಕಂಬಕ್ಕೆ ಒರಗಿಸಿ ಓಡಿದ್ದನಂತೆ.

ಊರು ಊರೇ ಮೋನಪ್ಪನ ಜಗಲಿಗೆ ಬಂತು. ಸಾಲೆಗೆ ಬಾಗಿಲು ಹಚ್ಚೋಣ, ಇನ್ನು ಯಾರೂ ಒಳಗೆ ಕಾಲಿಡುವುದು ಬೇಡ ಅಂದರು ಹಿರಿಯರು. ಮೋನಪ್ಪ ಬಟ್ಟೆ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು ಕೂತಿದ್ದ. ಅವನು ತಲೆ ಅಲ್ಲಾಡಿಸಿದ.

"ಬಾಗಿಲು ಬ್ಯಾಡ. ಒಯ್ಯಾಕ ಬರ್ರಿ. ಒಯ್ಯೋ ಮುಂದ ನನಗ ತೋರಿಸಿ ಒಯ್ರಿ."

ಕಣ್ಣಿಲ್ಲದವನಿಗೆ ಹೇಗೆ ತೋರಿಸುವುದು? ಗುರುಬಸಪ್ಪ ಬಗ್ಗಿದ. ಚಿಕ್ಕ ಸಾಲೆಯ ಮುಳ್ಳಿನ ಗೂಟದಿಂದ ಚಿಕ್ಕ ಬಾಚಿಯನ್ನು ತೆಗೆದ. ತೆಗೆದು ಮೋನಪ್ಪನ ಬಲಗೈಯಲ್ಲಿಟ್ಟು ಬೆರಳು ಮಡಚಿದ. ಮೋನಪ್ಪ ಅದನ್ನು ಹೆಬ್ಬೆರಳಲ್ಲಿ ಸವರಿ, ಬಾಚಿ ಅಂದ.

ಅಂದಿನಿಂದ ಅದೇ ಕಟ್ಟಳೆಯಾಯಿತು. ಗರಗಸ ಬೇಕಾದವರು ಚಿಕ್ಕ ಗರಗಸವನ್ನು ತೆಗೆದು ಮೋನಪ್ಪನ ಕೈಗೆ ಕೊಡಬೇಕು. ದೊಡ್ಡದು ಬಂದು ತನ್ನ ಗೂಟ ಸೇರುವ ತನಕ ಚಿಕ್ಕದು ಅವನ ಹತ್ತಿರವೇ ಇರಬೇಕು. ಯಾವ ಗೂಟ ಬರಿದಾಗಿದೆ ಅಂತ ಅವನ ಬೆರಳಿಗೆ ಗೊತ್ತು. ಒಂದು ಮಳೆಗಾಲ ಕಳೆದು ಗಾಯ ಮಾಯಿತು, ಹೆದರಿಕೆಯೂ ಮಾಯಿತು. ಕಣ್ಣಿದ್ದಾಗಿನದಕ್ಕಿಂತ ಹೆಚ್ಚು ತೊಟ್ಟಿಲು ಮಾಡಿದ್ದು ಆಮೇಲೆಯೇ ಅಂತಾರೆ.

ಕೊನೆಗೆ ಅವನ ದಿನವೂ ಬಂತು. ಜಗಲಿ ಮೇಲೆ ಕೂತಂತೆಯೇ ಹೋದ. ಮೈ ತೊಳೆಯಲು ಎತ್ತಿದರೆ ಬಲಗೈ ಮುಷ್ಟಿ ಬಿಗಿದಿತ್ತು. ಹಿರಿಯರು ಬಿಡಿಸಿ ನೋಡಿದರು, ಬರಲಿಲ್ಲ. ಗುರುಬಸಪ್ಪ ಬಿಡಿಸಿ ನೋಡಿದ, ಬರಲಿಲ್ಲ. ಕಾಳವ್ವ ಚಿಕ್ಕ ಸಾಲೆಯಲ್ಲಿ ಕೈಯಾಡಿಸಿ, ಗರಗಸ ಇಲ್ಲ ಅಂದಳು. ಗರಗಸ ಒಯ್ದವನು ಅಂಬಿಗರ ಜಟ್ಟೆಪ್ಪ. ದೋಣಿಯ ಹಲಗೆ ಕೊಯ್ಯಲು ಹೊಳೆಯಾಚೆ ಕೂತಿದ್ದಾನೆ. ದಂಡೆಯಲ್ಲಿ ನಿಂತು ಪಂಚೆ ಬೀಸಿ ಕರೆದರು. ಅವನು ಬರುವ ತನಕ ಹೆಣ ಕಾಯಿತು, ಊರೂ ಕಾಯಿತು. ಜಟ್ಟೆಪ್ಪ ಒದ್ದೆ ಕಾಲಲ್ಲಿ ಓಡಿಬಂದು ದೊಡ್ಡ ಸಾಲೆಯಲ್ಲಿ ಗರಗಸವನ್ನು ಅದರ ಗೂಟಕ್ಕೆ ಸಿಕ್ಕಿಸಿದ. ಇತ್ತ ಜಗಲಿ ಮೇಲೆ ಮುಷ್ಟಿ ತಾನಾಗಿ ಸಡಿಲಿತು ಅಂತಾರೆ. ಒಳಗಿದ್ದ ಚಿಕ್ಕ ಗರಗಸವನ್ನು ಕಾಳವ್ವ ತೆಗೆದು ಮುಳ್ಳಿಗೆ ಹಾಕಿದಳು.

ನಂಬುವವರು ನಂಬಲಿ, ಬಿಡುವವರು ಬಿಡಲಿ. ದೊಡ್ಡ ಸಾಲೆ ಬಿದ್ದು ಎಷ್ಟೋ ತಲೆಮಾರಾಯಿತು. ಚಿಕ್ಕದು ಏನಾಯಿತೋ ಯಾರಿಗೂ ಗೊತ್ತಿಲ್ಲ. ಆದರೆ ಆ ಊರಲ್ಲಿ ಈಗಲೂ ಯಾರಾದರೂ ತೀರಿಕೊಂಡರೆ, ಹೆಣ ಎತ್ತುವ ಮುಂಚೆ ಹಿರಿಯನೊಬ್ಬ ಬೀದಿಗೆ ಬಂದು ಕೂಗಿ ಕೇಳುತ್ತಾನೆ: ಇವರದೇನಾದರೂ ಯಾರ ಮನೆಯಲ್ಲಾದರೂ ಇದೆಯೇ? ಆಗ ಒಬ್ಬೊಬ್ಬರೇ ಬರುತ್ತಾರೆ. ಒಬ್ಬಳು ಜರಡಿ ತರುತ್ತಾಳೆ, ಒಬ್ಬ ಕುಡುಗೋಲು ತರುತ್ತಾನೆ. ತಂದು ಯಾರ ಕೈಗೂ ಕೊಡುವುದಿಲ್ಲ. ಒಳಗೆ ಹೋಗಿ, ಅದು ಮೊದಲು ಇದ್ದ ಜಾಗ ಹುಡುಕಿ, ಅಲ್ಲೇ ಇಟ್ಟು ಬರುತ್ತಾರೆ. ಎಲ್ಲರೂ ಇಟ್ಟಾದ ಮೇಲೆ ಮನೆಯವರು ಸತ್ತವರ ಅಂಗೈ ಬಿಡಿಸಿ ನೋಡುತ್ತಾರೆ. ಆಮೇಲೆಯೇ ಎತ್ತುವುದು.